ಬಿಳಿ ಕಾರಿನ ಮೇಲಿನ ಕಿತ್ತಳೆ ಚುಕ್ಕೆಗಳು: ತುಕ್ಕು ಒಳಗಿನದೋ ಹೊರಗಿನದೋ, ಮೊದಲು ಅದನ್ನು ನೋಡಿ

ಎರಡು ವರ್ಷದ ಬಿಳಿ ಕಾರಿನ ಬಾನೆಟ್, ಬಾಗಿಲು, ಹಿಂದಿನ ಬಂಪರ್ ಎಲ್ಲದರ ಮೇಲೂ ಸಾಸಿವೆಗಿಂತ ಚಿಕ್ಕ ಕಿತ್ತಳೆ ಚುಕ್ಕೆಗಳು ಕಾಣಿಸಿವೆ, ತೊಳೆದರೂ ಹೋಗುತ್ತಿಲ್ಲ, ಇಡೀ ಕಾರಿಗೆ ಹೊಸದಾಗಿ ಪೇಂಟ್ ಹೊಡೆಸಬೇಕೆಂದು ಗ್ಯಾರೇಜಿನವರು ಹೇಳಿದ್ದಾರೆ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಒಪ್ಪಿಕೊಳ್ಳಬೇಡಿ. ‘ಬಂಪರ್ ಮೇಲೂ ಇವೆ’ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರವಿದೆ. ಈಗಿನ ಕಾರುಗಳ ಬಂಪರ್ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿರುವ ತುಕ್ಕು ಹೊರಗಿನಿಂದ ಹಾರಿ ಬಂದು ಕೂತದ್ದೇ ಆಗಿರಬೇಕು. ಬಾನೆಟ್ ಮೇಲಿನ ಚುಕ್ಕೆಗಳೂ ಅದೇ ರೀತಿಯವಾಗಿದ್ದರೆ ಅವೂ ಬಹುಮಟ್ಟಿಗೆ ಹಾಗೆಯೇ ಬಂದವು.

ಬಂದು ಕೂರುವುದು ಕಬ್ಬಿಣದ ಪುಡಿ. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದ ಒಳಗಿನ ಎರಕದ ಕಬ್ಬಿಣದ ಡಿಸ್ಕ್ ಸ್ವಲ್ಪ ಸವೆಯುತ್ತದೆ. ಆ ಪುಡಿ ನಿಮ್ಮ ಕಾರಿನದೂ ಆಗಿರಬಹುದು, ಮುಂದೆ ಹೋಗುವ ಲಾರಿಯದೂ ಆಗಿರಬಹುದು. ರೈಲು ಹಳಿಯ ಪಕ್ಕ, ವೆಲ್ಡಿಂಗ್ ಅಂಗಡಿಯ ಎದುರು, ಕಬ್ಬಿಣ ಕತ್ತರಿಸುವ ಜಾಗದ ಬಳಿ ಕಾರು ನಿಲ್ಲಿಸಿದರೆ ಇನ್ನೂ ಹೆಚ್ಚು. ಕಾದ ಕಣ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ ಕಚ್ಚಿಕೊಳ್ಳುತ್ತದೆ, ಮಳೆ ಇಬ್ಬನಿ ತಾಗಿ ತುಕ್ಕು ಹಿಡಿಯುತ್ತದೆ, ಸುತ್ತ ಕಿತ್ತಳೆ ಕಲೆ ಹರಡುತ್ತದೆ. ಎಲ್ಲ ಬಣ್ಣದ ಕಾರುಗಳಿಗೂ ಇದು ಆಗುತ್ತದೆ. ಬಿಳಿಯ ಮೇಲೆ ಎದ್ದು ಕಾಣುತ್ತದೆ, ಅಷ್ಟೇ.

ನನ್ನ ಕಾರಿಗೂ ಆಗಿತ್ತು. ಪಕ್ಕದ ಕಟ್ಟಡಕ್ಕೆ ಕಿಟಕಿ ಸರಳು ಕೂರಿಸುತ್ತಿದ್ದರು, ಗ್ರೈಂಡರಿನ ಕಿಡಿ ಹಾರುವ ದೂರದಲ್ಲೇ ನಾನು ವಾರಗಟ್ಟಲೆ ಕಾರು ನಿಲ್ಲಿಸಿದ್ದೆ. ಚುಕ್ಕೆ ಕಂಡ ಕೂಡಲೇ ಒರಟು ಕಾಂಪೌಂಡ್, ಅಂದರೆ ಬಣ್ಣದ ಮೇಲ್ಮೈಯನ್ನು ತಿಕ್ಕುವ ಪೇಸ್ಟ್, ಹಚ್ಚಿ ಉಜ್ಜಿದೆ. ಕಚ್ಚಿಕೊಂಡಿದ್ದ ಕಬ್ಬಿಣದ ಕಣಗಳು ಕಿತ್ತು ಬಂದು, ಬಟ್ಟೆಗೆ ಸಿಕ್ಕಿ, ಬಾನೆಟ್ ತುಂಬ ಗೀರು ಎಳೆದವು. ಚುಕ್ಕೆಗಿಂತ ಆ ಗೀರುಗಳನ್ನು ತೆಗೆಯುವುದೇ ಕಷ್ಟವಾಯಿತು. ನಿಮಗೆ ಹಾಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾರನ್ನು ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಹಗುರವಾಗಿ ಸವರಿ. ಬರಿಗೈಗೆ ನುಣುಪಾಗಿ ತೋರಿದ ಜಾಗವೂ ಚೀಲದೊಳಗಿನ ಬೆರಳಿಗೆ ಮರಳು ಕಾಗದದಂತೆ ಚರಚರ ಎನ್ನುತ್ತದೆ. ಆಮೇಲೆ ಒಂದು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ನಡುವೆ ಸೂಜಿಮೊನೆಯಷ್ಟು ಕಪ್ಪು ಕಣ, ಸುತ್ತ ಕಿತ್ತಳೆ ಬಳೆ ಇದ್ದರೆ ಅದು ಕೂತ ಕಬ್ಬಿಣ. ಬಣ್ಣ ಚಕ್ಕೆ ಎದ್ದು ಸಣ್ಣ ಗುಳಿಯಾಗಿ, ಗುಳಿಯ ತಳದಲ್ಲಿ ತುಕ್ಕು ಕಂಡರೆ ಅದು ಕಲ್ಲೇಟು. ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಇದೇ ಹೆಚ್ಚು. ಬಣ್ಣ ಒಡೆಯದೆ ಗುಳ್ಳೆಯಂತೆ ಉಬ್ಬಿದ್ದರೆ ತುಕ್ಕು ಅಡಿಯಿಂದ ಬರುತ್ತಿದೆ.

ಕೂತ ಕಬ್ಬಿಣಕ್ಕೆ ಐರನ್ ರಿಮೂವರ್ ಎಂಬ ದ್ರಾವಣ ಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವು ಥಯೋಗ್ಲೈಕೋಲೇಟ್ ಲವಣದಿಂದ ಕೆಲಸ ಮಾಡುತ್ತವೆ. ಕೂದಲು ಗುಂಗುರು ಮಾಡುವ ದ್ರಾವಣದಲ್ಲಿ ಇರುವುದೂ ಇದೇ ಜಾತಿಯ ರಾಸಾಯನಿಕ. ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಬಯಲಿನಲ್ಲೇ ಮಾಡಿ, ಕೈಗವಸು ಬಿಡಬೇಡಿ. ಕಾರು ನೆರಳಿನಲ್ಲಿರಬೇಕು, ತಗಡು ಮುಟ್ಟಿದರೆ ತಣ್ಣಗಿರಬೇಕು. ಸಿಂಪಡಿಸಿ ಕಾಯಿರಿ. ಒಂದೆರಡು ನಿಮಿಷದಲ್ಲಿ ಪ್ರತಿ ಚುಕ್ಕೆಯ ಸುತ್ತಲೂ ನೇರಳೆ ಬಣ್ಣ ಬಿಟ್ಟುಕೊಂಡು, ಬಾಗಿಲ ಮೇಲೆ ನೇರಳೆ ಹಣ್ಣು ಹಿಸುಕಿದಂತೆ ಗೆರೆಗೆರೆಯಾಗಿ ಇಳಿಯುತ್ತದೆ. ಹೆದರಬೇಡಿ, ಅದು ಕರಗುತ್ತಿರುವ ಕಬ್ಬಿಣ. ನಿಮ್ಮ ಕಾರಿನ ಬಣ್ಣ ಹೋಗುತ್ತಿಲ್ಲ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮಾತ್ರ ಬಿಟ್ಟು, ಒಣಗುವ ಮೊದಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಚುಕ್ಕೆ ಉಳಿದರೆ ಉಜ್ಜುವ ಬದಲು ಇನ್ನೊಮ್ಮೆ ಸಿಂಪಡಿಸಿ.

ಅದಕ್ಕೂ ಜಗ್ಗದ ಕಣಗಳಿಗೆ ಕ್ಲೇ ಬಾರ್ ಇದೆ. ಮೃದುವಾದ ಜೇಡಿಯಂಥ ಮುದ್ದೆ. ಚಪಾತಿ ಉಂಡೆಯಂತೆ ನಾದಿ ಚಪ್ಪಟೆ ಮಾಡಿ, ತಗಡಿನ ಮೇಲೆ ಶಾಂಪೂ ನೀರು ಯಥೇಚ್ಛವಾಗಿ ಸುರಿದು, ಒತ್ತಡ ಹಾಕದೆ ನೇರ ಗೆರೆಯಲ್ಲಿ ಜಾರಿಸಬೇಕು. ಮೊದಲು ಗರಗರ ಸದ್ದು ಬರುತ್ತದೆ, ಕಣಗಳು ಕಿತ್ತು ಬಂದಂತೆ ಸದ್ದು ನಿಂತು ಕೈ ಸಲೀಸಾಗಿ ಜಾರುತ್ತದೆ. ಆಗಾಗ ಮಡಚಿ ಶುಭ್ರ ಭಾಗವನ್ನು ಮೇಲೆ ತನ್ನಿ. ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಬಳಸಬೇಡಿ, ಎಸೆದುಬಿಡಿ. ಅದಕ್ಕೆ ಅಂಟಿದ ಒಂದು ಮರಳಿನ ಹರಳು ಸಾಕು, ಎಲ್ಲ ಕೆಲಸ ಕೆಡುತ್ತದೆ. ಕೊನೆಗೆ ನಯವಾದ ಪಾಲಿಶ್, ಅದರ ಮೇಲೆ ವ್ಯಾಕ್ಸ್ ಹಚ್ಚಿ. ಕ್ಲೇ ಮಾಡಿದ ಮೇಲೆ ಹಳೆಯ ವ್ಯಾಕ್ಸ್ ಏನೂ ಉಳಿದಿರುವುದಿಲ್ಲ ಎಂದೇ ತಿಳಿಯಿರಿ.

ಕಲ್ಲೇಟಿನ ಗುಳಿಗೆ ಈ ಯಾವುದೂ ನಾಟುವುದಿಲ್ಲ. ಅಲ್ಲಿ ಟೂತ್‌ಪಿಕ್ ತುದಿಗೆ ನಯವಾದ ಮರಳು ಕಾಗದದ ಚೂರು ಅಂಟಿಸಿ, ಗುಳಿಯೊಳಗಿನ ತುಕ್ಕನ್ನಷ್ಟೇ ಕೆರೆದು ತೆಗೆಯಿರಿ. ಒಂದು ಹನಿ ರಸ್ಟ್ ಕನ್ವರ್ಟರ್ ಇಟ್ಟರೆ ಉಳಿದ ತುಕ್ಕು ಗಟ್ಟಿ ಪದರವಾಗುತ್ತದೆ. ಅದು ಒಣಗಿದ ಮೇಲೆ ಪ್ರೈಮರ್, ನಂತರ ಬಣ್ಣ, ಕೊನೆಗೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ), ಎಲ್ಲವೂ ಟೂತ್‌ಪಿಕ್ ತುದಿಯಿಂದಲೇ, ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದು. ಬಿಳಿಯಲ್ಲಿ ಹತ್ತಾರು ಬಗೆ ಇರುವುದರಿಂದ ಕಾರಿನ ಪೇಂಟ್ ಕೋಡ್ ನೋಡಿಯೇ ಟಚಪ್ ಬಣ್ಣ ಕೊಳ್ಳಿ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಇರುವ ಫಲಕದಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಹತ್ತಿರ ಬಂದು ನೋಡಿದರೆ ಗುರುತು ತಿಳಿಯುತ್ತದೆ, ಆದರೆ ತುಕ್ಕು ಅಲ್ಲಿಗೆ ನಿಲ್ಲುತ್ತದೆ.

ಗುಳ್ಳೆ ಕಂಡರೆ ಮಾತ್ರ ನೀವು ಕೈ ಹಾಕಬೇಡಿ. ಅದು ತಗಡು ಕೆರೆದು ಮಾಡುವ ಟಿಂಕರಿಂಗ್ ಕೆಲಸ. ಕಾರು ಎರಡೇ ವರ್ಷದ್ದಾದ್ದರಿಂದ ಮೊದಲು ವಾರಂಟಿ ಪುಸ್ತಕ ತೆಗೆದು ತುಕ್ಕಿನ ಬಗ್ಗೆ ಏನು ಬರೆದಿದೆ ಎಂದು ಓದಿ.

ನಿಮ್ಮದು ಕೂತ ಕಬ್ಬಿಣವೇ ಎಂದು ನನ್ನ ನಂಬಿಕೆ. ಖಚಿತವಾಗಬೇಕಾದರೆ ಬಂಪರ್ ಮೇಲೆ ಅಂಗೈಯಗಲ ಜಾಗದಲ್ಲಿ ಐರನ್ ರಿಮೂವರ್ ಸಿಂಪಡಿಸಿ ನೋಡಿ. ನೇರಳೆಯಾದರೆ ಅದರ ಒಂದು ಫೋಟೊ ತೆಗೆದಿಟ್ಟುಕೊಂಡು, ಪೂರ್ತಿ ಪೇಂಟ್ ಹೊಡೆಸಿ ಎಂದವರಿಗೆ ತೋರಿಸಿ.