ಪೈಲ್ವಾನ ಹುಡುಗಗ ಬರೇ ‘ಧೈರ್ಯ ತಗೋ’ ಅಂದ್ರ ಸಾಲೂದಿಲ್ಲ

ಹುಡುಗನ ಒಪ್ಪಿಗಿ ತಗೊಂಡೇ ಇದನ್ನ ಬರಿಯಾಕತ್ತೇನಿ, ಗುರುತು ಹತ್ತೂ ವಿವರ ಎಲ್ಲಾ ಬದಲ ಮಾಡೇನಿ.

ಬಾಗಲಕೋಟಿ ಜಿಲ್ಲಾದ ಹಳ್ಳಿಯಂವ, ವಯಸ್ಸು 23, ಜಾತ್ರಿ ಕುಸ್ತಿಯೊಳಗ ಹೆಸರು ಮಾಡಿದ ಪೈಲ್ವಾನ. ಬಂದದ್ದು ಡಿಪ್ರೆಶನ್ ಅಂತಲ್ಲ, ನಿದ್ದಿ ಇಲ್ಲ, ಮೈಯೆಲ್ಲಾ ಭಾರ, ತಲಿನೋವು ಅಂತ. ರಕ್ತ ಪರೀಕ್ಷಾ, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್ ಬಂದಮ್ಯಾಲೆ ಡಾಕ್ಟ್ರು ಕೌನ್ಸೆಲಿಂಗ್ ಮಾಡೂ ನನ್ನ ಕಡೆ ಕಳಸಿದ್ರು. ಜೊತಿಗೆ ಬಂದಿದ್ದ, ಕುಸ್ತಿ ಕಲಸೂ ವಸ್ತಾದರೇ ಎಲ್ಲಾ ಮಾತಾಡಿದ್ರು, "ಮೇಡಂ, ಗರಡಿಗೆ ಬಂದ್ರೂ ಮೂಲ್ಯಾಗ ಕುಂದರ್ತಾನ್ರಿ, ಸಣ್ಣ ಹುಡುಗರ ಮ್ಯಾಲೆ ಸಿಟ್ಟಿಗೇಳ್ತಾನ, ಆಳಸಿ ಆಗ್ಯಾನ, ಸ್ವಲ್ಪ ಬುದ್ಧಿ ಹೇಳ್ರಿ." ಇಂವ ತಲಿ ತಗ್ಗಿಸಿ ಕುಸ್ತಿ ಆಡಿ ಮುದುಡಿದ ತನ್ನ ಕಿವಿ ತಿಕ್ಕೋತ ಕುಂತಿದ್ದ.

ವಸ್ತಾದರಿಗೆ ಹೊರಗ ಕುಂದರ್ರಿ ಅಂದೆ. ಆಮ್ಯಾಲೆ ನಿಧಾನಕ್ಕ ಬಂತು ಮಾತು. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಶನ್ ಆಗಿತ್ತು, ಬಾಳ ದಿನ ಮನ್ಯಾಗೇ ಇದ್ದು ತಿರುಗಿ ಕಣಕ್ಕಿಳಿದಾಗ ತನ್ನೂರ ಜಾತ್ರ್ಯಾಗೇ, ತನಗಿಂತ ಸಣ್ಣ ಹುಡುಗನ ಕಡೆ ಚಿತ್ ಆದ. ಖುರಾಕಿಗೆ, ಅಂದ್ರ ಪೈಲ್ವಾನನ ಊಟಕ್ಕ ಅಂತ ಅಪ್ಪ ಸಾಲ ಮಾಡಿ ಎಮ್ಮಿ ತಂದಾನ. ಅವ್ವ ದಿನಾ ರಾತ್ರಿ ಬಾದಾಮಿ ನೆನಿಹಾಕಿ ಮುಂಜಾನೆ ಸಿಪ್ಪಿ ಸುಲಿದು ವಾಟಗಾದಾಗ ಕೊಡ್ತಾಳ, ಇಂವ ಅದನ್ನ ಹಿತ್ತಲದಾಗ ಚೆಲ್ಲಿ ಖಾಲಿ ವಾಟಗಾ ತಂದಿಡ್ತಿದ್ದ. "ಹಸಿವೇ ಇಲ್ರಿ ಮೇಡಂ, ಅವ್ವಗ ಏನಂತ ಹೇಳ್ಲಿ?"

ಸಾಯಬೇಕು ಅನಸ್ತೈತೇನು ತಮ್ಮಾ ಅಂತ ನೇರವಾಗೇ ಕೇಳಿದೆ. ಹಿಂಗ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಕ್ಕೈತಿ ಅಂತ ಬಾಳ ಮಂದಿ ಅಂಜತಾರ, ಹಂಗೇನಿಲ್ಲ, ಕೇಳಿದ್ರ ಮಂದಿಗೆ ಹಗುರ ಆಕ್ಕೈತಿ. "ನಾ ಇರದಿದ್ರ ಅಪ್ಪಗ ಸಾಲರ ಕಮ್ಮಿ ಆಗ್ತಿತ್ತು ಅನಸ್ತೈತ್ರಿ" ಅಂದ. ಏನೂ ತಯಾರಿ ಮಾಡ್ಕೊಂಡಿರಲಿಲ್ಲ, ಆದ್ರೂ ಅವನ ಒಪ್ಪಿಗಿ ಮ್ಯಾಲೆ ಅಣ್ಣನ್ನ ಕರಸಿ, ಒಬ್ಬನ್ನೇ ಬಿಡಬ್ಯಾಡ್ರಿ ಅಂತ ಹೇಳಿ, ಅವತ್ತೇ ಜಿಲ್ಲಾ ಆಸ್ಪತ್ರಿ ಮನೋವೈದ್ಯರ ಕಡೆ ಕಳಸಿದೆ.

ಕ್ರಿಕೆಟ್ ಆಟಗಾರ ರಾಬಿನ್ ಉತ್ತಪ್ಪ 2020ರಾಗ ತಮ್ಮ ಡಿಪ್ರೆಶನ್ ಬಗ್ಗೆ, ಸಾಯೂ ವಿಚಾರ ಬಂದದ್ದರ ಬಗ್ಗೆ ಬಾಯಿಬಿಟ್ಟು ಹೇಳಿದ್ರು, ಕೊಹ್ಲಿ ಸುದ್ದಾ 2014ರ ಇಂಗ್ಲೆಂಡ್ ಟೂರ್‌ದಾಗ ಡಿಪ್ರೆಶನ್ ಆಗಿತ್ತು ಅಂದ್ರು ಅಂತ ಮುಂದಿನ ಭೇಟಿಯೊಳಗ ಹೇಳಿದೆ. ಅದಕ್ಕ ಇಂವ, "ಅವ್ರು ದೊಡ್ಡ ಮಂದಿ, ಹೇಳಿದ್ರ ನಡೀತೈತ್ರಿ. ನಂಗ ತಲಿ ಸರಿ ಇಲ್ಲ ಅಂತ ಸುದ್ದಿ ಆದ್ರ ನಾಳೆ ಕುಸ್ತಿಗೆ ಜೋಡಿ ಯಾರು ಹಚ್ಚತಾರ?" ಅಂದ. ಈ ಅಂಜಿಕಿ ಸುಳ್ಳಲ್ಲ. ಅದಕ್ಕ ಊರಿಗೆಲ್ಲಾ ಹೇಳಬ್ಯಾಡ, ನಂಬಿಕಿ ಇರೂ ಇಬ್ಬರಿಗೆ ಹೇಳು, ಅಣ್ಣಗ ಮತ್ತ ಗರಡಿ ಗೆಳೆಯ ಒಬ್ಬಗ ಅಂತ ಸಲಹಾ ಕೊಟ್ಟೆ. ಏನನ್ನಬೇಕು ಅನ್ನೂದನ್ನೂ ಕುಂತು ರೂಢಿ ಮಾಡಿದ್ವಿ, "ನಂಗ ಡಿಪ್ರೆಶನ್ ಆಗೇತಿ, ಔಷಧ ತಗೋಳಾಕತ್ತೇನಿ, ರಾತ್ರಿ ಫೋನ್ ಮಾಡಿದ್ರ ಎತ್ತು", ಇಷ್ಟ.

ಗುಳಿಗಿ ತಗೊಂಡ್ರ ಡೋಪಿಂಗ್‌ದಾಗ ಸಿಕ್ಕಬೀಳ್ತೇನು ಅನ್ನೂದು ಇನ್ನೊಂದು ಚಿಂತಿ. ಡಿಪ್ರೆಶನ್‌ಗೆ ಸಾಮಾನ್ಯ ಕೊಡೂ ಎಸ್‌ಎಸ್‌ಆರ್‌ಐ ಗುಳಿಗಿ, ಜಗತ್ತಿನ ಡೋಪಿಂಗ್ ತಡಿಯೂ ಸಂಸ್ಥೆ ವಾಡಾದ ನಿಷೇಧ ಪಟ್ಟಿಯೊಳಗಿಲ್ಲ, ಆದ್ರೂ ನಾ ಕುಸ್ತಿ ಆಡ್ತೀನಿ ಅಂತ ಡಾಕ್ಟ್ರಿಗೆ ಮೊದಲೇ ಹೇಳು ಅಂದೆ. ಚಟ ಹತ್ತೂ ಗುಳಿಗಿ ಅಲ್ಲ, ಗುಣ ಕಾಣಾಕ ಎರಡ್ರಿಂದ ನಾಕ್ ವಾರರ ಬೇಕು, ಆರಾಮ ಅನಸ್ತಂತ ನಡುವ ಬಿಡಬಾರದು.

ವಸ್ತಾದರ ಜೊತಿ ಮಾತಾಡೂದು ಇನ್ನೂ ಕಷ್ಟ ಇತ್ತು. "ನಮ್ಮ ಗುರುಗಳು ಹೊಡದೇ ಬೆಳಸ್ಯಾರ್ರಿ" ಅಂತ ಶುರು ಮಾಡಿದ್ರು. ಗಂಡಮಕ್ಕಳು ಅತ್ತು ತೋರಸೂದಿಲ್ಲ, ಸಿಟ್ಟು, ಕುಡಿತ, ಮೈನೋವು, ತಾಲೀಮು ತಪ್ಪಸೂದು ಹಿಂಗ ಕಾಣತೈತಿ, ಎರಡು ವಾರಕ್ಕಿಂತ ಜಾಸ್ತಿ ಇದ್ರ ಆಳಸಿ ಅನ್ನಬ್ಯಾಡ್ರಿ ಅಂತ ಹೇಳಿದೆ. ಎಲ್ಲಾರ ಮುಂದ ಕೇಳಬ್ಯಾಡ್ರಿ, ಮನಿಗೆ ಹೋಗೂ ದಾರ್‍ಯಾಗ ಒಬ್ಬನ್ನೇ ಕರಕೊಂಡು "ನೀ ಮೊದಲಿನಂಗಿಲ್ಲಲೇ, ನಿದ್ದಿ ಹೆಂಗೈತಿ?" ಅಂತ ಕೇಳ್ರಿ, ಅಂವ ಸುಮ್ನಿದ್ರ ನೀವೂ ಸುಮ್ನಿರ್ರಿ. ಬಾಳ ಹೊತ್ತು ವಿಚಾರ ಮಾಡಿ ಅವ್ರು ಕೇಳಿದ್ದು, "ನಮ್ಮ ಗರಡ್ಯಾಗ ಇನ್ನೊಬ್ಬ ಹಿಂಗ ಅದಾನ್ರಿ, ಕಳಸ್ಲೇನು?"

ಈಗ ಹುಡುಗಗ ಮೊದಲ ನಿದ್ದಿ ಸುಧಾರಿಸೇತಿ, ಆಮ್ಯಾಲೆ ಹಸಿವು. ಸಣ್ಣಾಗಿ ತಾಲೀಮು ಚಾಲೂ ಐತಿ, ಕುಸ್ತಿ ಇನ್ನೂ ಹಿಡದಿಲ್ಲ. ಅಪ್ಪ ಇನ್ನೂ ದೃಷ್ಟಿ ಆಗೇತಿ ಅಂತಾನ. ದೇವರಿಗೆ ಹೋಗ್ರಿ, ಅಂಗಾರ ಹಚ್ಚಿಸ್ರಿ, ಗುಳಿಗಿ ಮಾತ್ರ ಡಾಕ್ಟ್ರನ್ನ ಕೇಳದ ಬಿಡಿಸಬ್ಯಾಡ್ರಿ ಅಂದೇನಿ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಪುಕ್ಕಟ ಕನ್ನಡದಾಗೇ ಮಾತಾಡೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416ನ್ನ ಅಣ್ಣನ ಫೋನಿನಾಗ ಸೇವ್ ಮಾಡಿಸೇನಿ.