ಟೆಸ್ಟಿಮೋನಿಯಲ್ ಅಂದರೆ ಏನು? ಜನ ಅದನ್ನು ಯಾಕೆ ನಂಬುತ್ತಾರೆ?

ಒಬ್ಬ ವ್ಯಕ್ತಿ, ಸೇವೆ ಅಥವಾ ವಸ್ತುವನ್ನು ಹತ್ತಿರದಿಂದ ಬಲ್ಲವರು ತಮ್ಮ ಹೆಸರು ಹಾಕಿ ಹೇಳುವ ಒಳ್ಳೆಯ ಮಾತೇ ಟೆಸ್ಟಿಮೋನಿಯಲ್. ಹಳೆಯ ಮೇಲಧಿಕಾರಿ ಕೊಡುವ ಶಿಫಾರಸು ಪತ್ರವೂ ಇದೇ, ಗ್ರಾಹಕರು ಬರೆಯುವ ಅನುಭವವೂ ಇದೇ.

ಮಾರುವವರು ತಮ್ಮ ಸರಕನ್ನು ಹೊಗಳುವುದು ಸಹಜ, ಅಲ್ವಾ? ಆದರೆ ಲಾಭವಿಲ್ಲದ ಮೂರನೆಯವರು ಹೊಗಳಿದರೆ ತಮ್ಮ ಮರ್ಯಾದೆಯನ್ನೇ ಪಣಕ್ಕಿಟ್ಟ ಹಾಗೆ. ಮಾತು ಸುಳ್ಳಾದರೆ ಅವರ ಹೆಸರೂ ಕೆಡುತ್ತದೆ. ಹಾಗಾಗಿ ಸುಮ್ನೆ 'ತುಂಬಾ ಚೆನ್ನಾಗಿದೆ' ಅನ್ನುವ ಅನಾಮಧೇಯ ಸಾಲಿಗಿಂತ, ಯಾರಿಗೆ ಯಾವ ತೊಂದರೆ ಇತ್ತು, ಆಮೇಲೆ ಏನು ಬದಲಾಯಿತು ಎಂದು ಬಿಡಿಸಿ ಹೇಳುವ ಮಾತಿಗೆ ತೂಕ ಜಾಸ್ತಿ. ಒಂದು ಸಣ್ಣ ಕೊರತೆಯನ್ನೂ ಹೇಳಿದ್ದರೆ ನಾನಂತೂ ಇನ್ನೂ ಹೆಚ್ಚು ನಂಬುತ್ತೇನೆ. ಸುಳ್ಳು ಟೆಸ್ಟಿಮೋನಿಯಲ್ ಕೊಳ್ಳುವುದನ್ನೂ ಮಾರುವುದನ್ನೂ ಅಮೆರಿಕ 2024ರಲ್ಲಿ ನಿಯಮ ತಂದು ನಿಷೇಧಿಸಿದೆ.

ಗೌರವ ಸಲ್ಲಿಸುವ ಬಳಕೆಯೂ ಉಂಟು. ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ಒಂದೇ ಕ್ಲಬ್‌ಗೆ ಸುಮಾರು 10 ವರ್ಷ ಆಡಿದವರಿಗಾಗಿ ಟೆಸ್ಟಿಮೋನಿಯಲ್ ಪಂದ್ಯ ಏರ್ಪಡಿಸುವ ರೂಢಿ ಇದೆ. ಸಂಬಳ ಕಡಿಮೆಯಿದ್ದ ಕಾಲದಲ್ಲಿ ಟಿಕೆಟ್ ಹಣ ಆಟಗಾರನ ನಿವೃತ್ತಿ ಜೀವನಕ್ಕೆ ಆಸರೆಯಾಗುತ್ತಿತ್ತು. ಈಗ ಎಷ್ಟೋ ಆಟಗಾರರು ಅದನ್ನು ದಾನಕ್ಕೆ ಕೊಡುತ್ತಾರೆ.