1990ರ ಮಿಯಾಟಾನೋ 1994ರದೋ? ಮೊದಲು ಪುಲ್ಲಿ ನೋಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಶನಿವಾರ-ಭಾನುವಾರ ಓಡಿಸೋಕೆ ಹಳೇ ಮಜ್ದಾ ಮಿಯಾಟಾ (ಟಾಪ್ ಮಡಚಬಹುದಾದ ಎರಡು ಸೀಟಿನ ಪುಟ್ಟ ಕಾರು) ಬೇಕು, 1990ರದು ತಗೊಂಡರೆ "ಮೊದಲ ವರ್ಷದ್ದು" ಅಂತ ಮುಂದೆ ಬೆಲೆ ಬರುತ್ತಾ, ಇಲ್ಲಾ 1994ರದೇ ವಾಸಿನಾ ಅಂತ ಕೇಳಿದ್ದೀರಿ. ನಾನೂ ಇದೇ ಎರಡು ವರ್ಷಗಳ ಮಧ್ಯೆ ತೂಗಾಡಿದವನೇ. ಬೆಲೆ ಏರುತ್ತೆ ಅನ್ನೋ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಿರಿ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ತೋರಿಸಿದ ಮೇಲೆ ಅಮೆರಿಕದಲ್ಲಿ ಈ ಕಾರು ಹತ್ತಾರು ಸಾವಿರ ಲೆಕ್ಕದಲ್ಲಿ ಮಾರಾಟವಾಯಿತು. 1990ರದು ಅನ್ನೋದೊಂದರಿಂದಲೇ ಅಪರೂಪ ಆಗಲ್ಲ.

ಕೈ ಸುಡೋದು ಬೇರೆ ಕಡೆ. 1990ರ ಮತ್ತು 1991ರ ಮೊದಲ ಭಾಗದ 1.6 ಲೀಟರ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ, ಮುಂದಿನ ಮೂತಿ ಗಿಡ್ಡ. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ಮಾಡೋ ಟೈಮಿಂಗ್ ಬೆಲ್ಟನ್ನು ತಿರುಗಿಸುವ ಹಲ್ಲಿನ ಪುಲ್ಲಿ ಆ ಮೂತಿಯ ಮೇಲೆ ಕೂತಿರುತ್ತೆ. ಅದರ ಜೊತೆ ಒಂದು ಪುಟ್ಟ ಕೀ (ಲೋಹದ ತುಂಡು), ಮುಂದಿನಿಂದ ಬಿಗಿಯೋಕೆ ಮಧ್ಯದಲ್ಲಿ ಒಂದು ಬೋಲ್ಟ್. ಹಿಡಿತವೆಲ್ಲ ಆ ಬೋಲ್ಟ್‌ನದು, ಕೀ ಇರೋದು ಪುಲ್ಲಿಯನ್ನು ಸರಿಯಾದ ಜಾಗದಲ್ಲಿ ಕೂರಿಸೋಕಷ್ಟೆ. ಬೆಲ್ಟ್ ಅನ್ನು 60,000 ಮೈಲಿಗೊಮ್ಮೆ ಬದಲಿಸಬೇಕು, ಆಗ ಈ ಬೋಲ್ಟ್ ಬಿಚ್ಚಲೇಬೇಕು. ಮತ್ತೆ ಹಾಕುವಾಗ ಗ್ಯಾರೇಜಿನವರು ಬಿಗಿ ಅಳೆಯುವ ಟಾರ್ಕ್ ರೆಂಚ್ ಮುಟ್ಟದೆ ಗಾಳಿ ಗನ್ನಿನಲ್ಲಿ "ಟರ್ರ್" ಅನ್ನಿಸಿ ಕಳಿಸಿದರೆ ಬಿಗಿ ಸಾಲಲ್ಲ. ಎಂಜಿನ್‌ನ ಪ್ರತಿ ಹೊಡೆತವೂ ಕೀ ಮೇಲೆ ಬೀಳುತ್ತೆ. ಕಾವು ಸಡಿಲವಾದ ಗುದ್ದಲಿಯಲ್ಲಿ ಅಗೆದಷ್ಟೂ ತೂತು ಅಗಲವಾಗುತ್ತಲ್ಲ, ಹಾಗೆ ಕ್ರ್ಯಾಂಕ್‌ನಲ್ಲಿ ಕೀ ಕೂರುವ ಕಚ್ಚು ಸವೆದು ಅಗಲವಾಗುತ್ತೆ, ಪುಲ್ಲಿ ಅಲ್ಲಾಡತೊಡಗುತ್ತೆ, ವಾಲ್ವ್ ಟೈಮಿಂಗ್ ಹಿಂದೆ ಬೀಳುತ್ತೆ. ಈ 1.6ರಲ್ಲಿ ಟೈಮಿಂಗ್ ತಪ್ಪಿದರೂ ಪಿಸ್ಟನ್‌ಗೆ ವಾಲ್ವ್ ಬಡಿಯಲ್ಲ. ಅದಕ್ಕೇ ಎಂಜಿನ್ ಒಮ್ಮೆಲೇ ಸಾಯದೆ ತಿಂಗಳುಗಟ್ಟಲೆ ಸೊರಗುತ್ತೆ. ಮಾಲೀಕರು ಪ್ಲಗ್ ಬದಲಿಸ್ತಾರೆ, ವೈರ್ ಬದಲಿಸ್ತಾರೆ, ಕೊನೆಗೆ "ಸ್ವಲ್ಪ ಟ್ಯೂನಿಂಗ್ ಬೇಕು, ಅಷ್ಟೇ" ಅಂತ ಮಾರಾಟಕ್ಕೆ ಇಡ್ತಾರೆ. ಆ ಮಾತು ಕೇಳಿದರೆ ಕಿವಿ ನೆಟ್ಟಗಾಗಲಿ.

ನೋಡೋದು ಹೀಗೆ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಎಂಜಿನ್ ಮುಂಭಾಗದಲ್ಲಿ ಕೆಳಗಿರುವ ಕ್ರ್ಯಾಂಕ್ ಪುಲ್ಲಿ ನೋಡಿ. ಅದರ ಮುಖದ ಮೇಲೆ ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. 1991ರ ಕಾರಾದರೆ ಎಣಿಸಲೇಬೇಕು, ಆ ವರ್ಷ ಎರಡೂ ಬಂದಿವೆ. ನಾಲ್ಕಿದ್ದರೆ ಓಡಿಹೋಗಬೇಕಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟು ಪುಲ್ಲಿಯ ಅಂಚು ನೋಡಿ. ಓಲಾಡುತ್ತಿದ್ದರೆ ಅಲ್ಲಿಗೇ ಮಾತು ಮುಗೀತು. ಓಲಾಟ ಇಲ್ಲದಿದ್ದರೆ ಬಾನೆಟ್ ಅಡಿಯಲ್ಲಿರುವ ಡಯಾಗ್ನೋಸಿಸ್ ಡಬ್ಬಿಯಲ್ಲಿ TEN ಮತ್ತು GND ಅಂತ ಬರೆದಿರುವ ಎರಡು ಕಿಂಡಿಗಳನ್ನು ತಂತಿಯಿಂದ ಜೋಡಿಸಿ ಪುಲ್ಲಿಯ ಮೇಲೆ ಟೈಮಿಂಗ್ ಲೈಟ್ (ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ಬಿಡಿ. ಪುಲ್ಲಿಯ ಗುರುತು 10 ಡಿಗ್ರಿಯ ಮೇಲೆ ಕದಲದೆ ನಿಲ್ಲಬೇಕು. ಆಮೇಲೆ ಎಂಜಿನ್‌ನ ಮೇಲ್ಭಾಗದ ಹೆಡ್‌ನ ಹಿಂದುಗಡೆ ಇರುವ ಕ್ಯಾಮ್ ಆ್ಯಂಗಲ್ ಸೆನ್ಸರ್ ನೋಡಿ, ಕಿಡಿಯ ಸಮಯ ಹೊಂದಿಸೋದು ಅದನ್ನು ತಿರುಗಿಸಿಯೇ. ಅದರ ಬೋಲ್ಟ್ ಉದ್ದ ಸೀಳಿನ ನಡುವೆ ಎಲ್ಲೋ ಇರಬೇಕು. ತುತ್ತತುದಿಗೆ ತಿರುಗಿಸಿ 10 ಡಿಗ್ರಿ ತಂದಿದ್ದಾರೆ ಅಂದರೆ ಒಂದೋ ಬೆಲ್ಟ್ ಒಂದು ಹಲ್ಲು ತಪ್ಪಿದೆ, ಇಲ್ಲಾ ಕೀ ತಿಂದುಹೋಗಿದೆ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಮುಂಭಾಗ ಬಿಚ್ಚಲೇಬೇಕು, ಆ ಖರ್ಚು ನಿಮ್ಮದಾಗೋದು ಬೇಡ.

ಕಾರು ತಗೊಂಡ ಮೇಲೆ ಬೆಲ್ಟ್ ಮಾಡಿಸುವ ದಿನ ಎದುರಿಗೇ ನಿಂತಿರಿ. ಹೊಸ ಕೀ, ಹೊಸ ಬೋಲ್ಟ್, ಎಳೆಗಳನ್ನು ಒರೆಸಿ ಶುಚಿ ಮಾಡಿ, ಗಿಡ್ಡ ಮೂತಿಗೆ 80ರಿಂದ 87 ಫುಟ್-ಪೌಂಡ್ ಬಿಗಿ. ಉದ್ದ ಮೂತಿಗಾದರೆ 116ರಿಂದ 123. ಗಿಡ್ಡದಕ್ಕೆ ಉದ್ದದರ ಲೆಕ್ಕ ಹಿಡಿಯಬೇಡಿ. ಅದೇ ಕೈಯಲ್ಲಿ ವಾಟರ್ ಪಂಪ್, ಕ್ರ್ಯಾಂಕ್ ಸೀಲ್ ಕೂಡ ಆಗಿಹೋಗಲಿ.

ಇನ್ನು 1994. ಎಂಜಿನ್ 1.8 ಲೀಟರ್ ಆಯಿತು, 116 ಹಾರ್ಸ್‌ಪವರ್ 128ಕ್ಕೆ ಏರಿತು, ಬ್ರೇಕ್ ದೊಡ್ಡದಾಯಿತು, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗಟ್ಟಿಯಾಯಿತು. ಆಯ್ಕೆಯಾಗಿ ಸಿಗುತ್ತಿದ್ದ ಹಳೇ ವಿಸ್ಕಸ್ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದ ಹಾಗೆ ತಡೆಯುವ ಡಿಫರೆನ್ಷಿಯಲ್) ಹೋಗಿ, ಗೇರ್‌ಗಳಿಂದ ಅದೇ ಕೆಲಸ ಮಾಡುವ ಟಾರ್ಸೆನ್ ಬಂತು. ಟಾರ್ಸೆನ್ ಇದೆ ಅಂತ ಮಾರುವವರು ಹೇಳಿದರೆ ಪರೀಕ್ಷಿಸಿ: ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಚಕ್ರ ತಿರುಗಿಸಿ. ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಇದೆ, ಉಲ್ಟಾ ತಿರುಗಿದರೆ ಸಾದಾ. ನಿಜವಾದ ಆಯಿಲ್ ಪ್ರೆಶರ್ ಗೇಜ್ ಇದ್ದಿದ್ದೂ 1994ರ ತನಕ ಮಾತ್ರ. 1995ರಿಂದ ಮುಳ್ಳು ನಡುವೆ ನಿಂತು ಸುಮ್ಮನೆ ಸಮಾಧಾನ ಹೇಳುತ್ತೆ.

ಎರಡರಲ್ಲಿ ಒಂದು ಅಂತ ಹಟ ಹಿಡಿದರೆ ನನ್ನ ವೋಟು 1994ಕ್ಕೆ. ಆದರೆ ತುಕ್ಕು ಹಿಡಿದ 1994ಕ್ಕಿಂತ ತುಕ್ಕಿಲ್ಲದ 1992 ಅಥವಾ 93 ಎಷ್ಟೋ ಮೇಲು, ಅವುಗಳಲ್ಲಿ ಮೂತಿಯೂ ಉದ್ದ. ನೀವು ಆ ಎರಡು ವರ್ಷಗಳನ್ನು ಕೇಳಲೇ ಇಲ್ಲ!

ತುಕ್ಕು ಶುರುವಾಗೋದು ಟಾಪ್‌ನ ನೀರು ಇಳಿಯುವ ಕೊಳವೆಯಿಂದ. ಸೀಟುಗಳ ಹಿಂದೆ ಎರಡೂ ಪಕ್ಕ ಒಂದೊಂದು ಇದೆ. ಎಲೆ-ಕಸ ಸೇರಿ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ರಾಕರ್ ಪ್ಯಾನಲ್ ಒಳಗೆ ನಿಂತು ಒಳಗಿಂದಲೇ ತಿನ್ನುತ್ತೆ. ಆ ಕೊಳವೆಗೆ ಒಂದು ಬಾಟಲಿ ನೀರು ನಿಧಾನಕ್ಕೆ ಸುರಿದರೆ ಹಿಂದಿನ ಚಕ್ರದ ಸ್ವಲ್ಪ ಮುಂದೆ, ಕಾರಿನ ಅಡಿಯಲ್ಲಿ ಸುರಿಯಬೇಕು. ಆಮೇಲೆ ಬಾಗಿಲ ಹಿಂದೆ, ಚಕ್ರದ ಮುಂದಿನ ಅಂಗೈ ಅಗಲದ ಜಾಗಕ್ಕೆ ಮ್ಯಾಗ್ನೆಟ್ ಹಿಡಿಯಿರಿ. ಅಂಟದಿದ್ದರೆ ಪೇಂಟ್ ಅಡಿಯಲ್ಲಿರೋದು ಪುಟ್ಟಿ. ಓಹಾಯೋ, ಮಿಶಿಗನ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ. ಅಲ್ಲಿಂದ ಬಂದ ಕಾರಾದರೆ ಎರಡು ಸಲ ನೋಡಿ.

ಮುಂದೆ ಬೆಂಗಳೂರಿಗೆ ತಗೊಂಡು ಹೋಗೋ ಆಸೆಯನ್ನೂ ಬರೆದಿದ್ದೀರಿ. ಆಗಲ್ಲ. ಮೂರು ವರ್ಷ ದಾಟಿದ ಸೆಕೆಂಡ್ ಹ್ಯಾಂಡ್ ಕಾರು, ಅದರಲ್ಲೂ ಎಡಗಡೆ ಸ್ಟೀರಿಂಗ್‌ನದು, ಭಾರತಕ್ಕೆ ತರೋಕೆ ಬಿಡಲ್ಲ. ಕ್ಯಾಲಿಫೋರ್ನಿಯಾದಲ್ಲೇ ಓಡಿಸಿ. ಅಲ್ಲಿ ಈ ವರ್ಷಗಳ ಕಾರಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ತಪ್ಪಿದ್ದಲ್ಲ, ಸರ್ಟಿಫಿಕೇಟ್ ಕೊಡಬೇಕಾದ್ದು ಮಾರುವವರ ಜವಾಬ್ದಾರಿ, ಅದಕ್ಕೆ 90 ದಿನ ಆಯಸ್ಸು. "ನೀವೇ ಮಾಡಿಸ್ಕೊಳ್ಳಿ, ಬೆಲೆ ಕಮ್ಮಿ ಮಾಡ್ತೀನಿ" ಅಂದರೆ ದುಡ್ಡು ಜೇಬಿನಲ್ಲೇ ಇರಲಿ.